ಅಪ್‌ಡೇಟ್: ಇಂಪ್ಲಾಂಟ್ ಇಲ್ಲದ ಲಿಫ್ಟ್ ಮಾಡಿಸಿಕೊಳ್ಳುತ್ತಿದ್ದೇನೆ

ಇಬ್ಬರು ಮಕ್ಕಳಿಗೆ ಹಾಲೂಡಿಸಿದ ಮೇಲೆ ಜೋತುಬಿದ್ದ ಸ್ತನಗಳಿಗೆ ಬರೀ ಲಿಫ್ಟ್ (ಮೇಲೆತ್ತಿ ಕಟ್ಟುವ ಶಸ್ತ್ರಚಿಕಿತ್ಸೆ) ಸಾಕೇ, ಇಂಪ್ಲಾಂಟ್ (ಸ್ತನದೊಳಗೆ ಇಡುವ ಕೃತಕ ಚೀಲ) ಕೂಡ ಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಧನ್ಯವಾದಗಳು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡು ಬಂದೆ.

ಅವರು ನನ್ನನ್ನು ನೆಟ್ಟಗೆ ನಿಲ್ಲಿಸಿ, ಕತ್ತಿನ ಬುಡದ ಗುಳಿಯಿಂದ ತೊಟ್ಟಿನವರೆಗೆ ಟೇಪು ಹಿಡಿದು ಅಳೆದು, ತೊಟ್ಟು ಸ್ತನದ ಕೆಳಮಡಿಕೆಗಿಂತ ಎಷ್ಟು ಇಳಿದಿದೆ ಎಂದು ನೋಡಿದರು. ಎಲ್ಲಿ ಕೊಯ್ಯಬೇಕೆಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಸ್ವಲ್ಪವೇ ಇಳಿದಿದ್ದರೆ ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಷ್ಟೇ, ಇನ್ನೂ ಇಳಿದಿದ್ದರೆ ಅಲ್ಲಿಂದ ಕೆಳಕ್ಕೊಂದು ನೇರ ಗೆರೆ, ತೀರಾ ಜೋತಿದ್ದರೆ ಮಡಿಕೆಯುದ್ದಕ್ಕೂ ಮತ್ತೊಂದು. ನನ್ನದು ನಡುವಿನದು.

ಲಿಫ್ಟ್ ಆಕಾರವನ್ನು ಸರಿಪಡಿಸುತ್ತದೆಯೇ ಹೊರತು ಗಾತ್ರವನ್ನು ಹೆಚ್ಚಿಸುವುದಿಲ್ಲ. ಮೇಲ್ಭಾಗ ತುಂಬಿಕೊಂಡು ಕಾಣಬೇಕೆಂದರೆ ಇಂಪ್ಲಾಂಟ್‌ನ ಮಾತು ಬರುತ್ತದೆ. ಆದರೆ ಅದು ಜೀವಮಾನವಿಡೀ ಬಾಳುವ ವಸ್ತುವಲ್ಲ. ಅದು ಒಡೆಯಬಹುದು, ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಬಿಗಿಯಬಹುದು. ಸಿಲಿಕೋನ್ ಇಂಪ್ಲಾಂಟ್ ಆದರೆ, ಯಾವ ತೊಂದರೆ ಕಾಣದಿದ್ದರೂ 5–6 ವರ್ಷಕ್ಕೆ ಮೊದಲ ಬಾರಿ, ಅನಂತರ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಸಲಹೆ ನೀಡಿದೆ. ಆ ತಾಪತ್ರಯ ನನಗೆ ಬೇಡವೆನಿಸಿತು, ಗಾತ್ರದ ಬಗ್ಗೆ ನನಗೆ ಮೊದಲಿನಿಂದಲೂ ಕೊರಗಿರಲಿಲ್ಲ.

ಇನ್ನೊಂದು ಮಗುವಿನ ಯೋಚನೆಯಿದ್ದರೆ ಮುಂದೂಡಿ ಎಂದರು, ನಮಗಿಲ್ಲ. ಕಲೆ ಮಾಸಲು ವರ್ಷವೇ ಹಿಡಿಯಬಹುದು, ಪೂರ್ತಿ ಅಳಿಯುವುದಿಲ್ಲ. ಕೆಲವು ವಾರ ಭಾರ ಎತ್ತುವಂತಿಲ್ಲದ ಕಾರಣ, ಮನೆಯಲ್ಲಿ ಅಡಿಕೆಯ ಕೊನೆಕೊಯ್ಲು, ಸುಲಿಯುವ ಕೆಲಸವೆಲ್ಲ ಮುಗಿದ ಮೇಲಿನ ದಿನವನ್ನೇ ಗೊತ್ತುಮಾಡಿಕೊಂಡಿದ್ದೇನೆ.