ಹಸಿ ಕೋಳಿ ಮೂಳೆ ನಾಯಿಗೆ ಕೊಡಬಹುದಾ? ಕೊಟ್ಟವರು ಹೇಳಿ

ಡೊಂಬಿವಲಿಯಿಂದ ಪ್ರಶ್ನೆ:
ನಮ್ಮದು ಎರಡು ವರ್ಷದ ಬೀದಿ ನಾಯಿ, 16 ಕೆಜಿ. ಜೊತೆಗೆ ಒಂದು ಬೆಕ್ಕು. ಎರಡಕ್ಕೂ ಅನ್ನ, ಬೇಯಿಸಿದ ಚಿಕನ್. ನಾಯಿಯ ಹಲ್ಲಿನ ಬುಡದಲ್ಲಿ ಹಳದಿ ಪಾಚಿ ಕಟ್ಟಿದೆ. ಹಸಿ ಮೂಳೆ ಅಗಿದರೆ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಅಮ್ಮ ಮಾತ್ರ "ಗಂಟಲಲ್ಲಿ ಸಿಕ್ಕೊಂಡ್ರೆ ಯಾರು ನೋಡೋದು?" ಅನ್ನುತ್ತಾರೆ.

ಠಾಣೆಯಿಂದ:
ಸಾರಿನಿಂದ ತೆಗೆದ ಮೂಳೆ ಬೇಡವೇ ಬೇಡ ಅಕ್ಕಾ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಹಸಿಯದು ಸ್ವಲ್ಪ ಬಗ್ಗುತ್ತದೆ. ನಾನು ನಾಲ್ಕು ವರ್ಷದಿಂದ ವಾರಕ್ಕೆ ಎರಡು ಸಲ ಕೊಡುತ್ತಿದ್ದೇನೆ. ಮೊದಲು ಕೋಳಿ ಕತ್ತು ಕೊಟ್ಟೆ, ಮೆತ್ತಗಿರುತ್ತದಲ್ವಾ ಅಂತ. ನಮ್ಮವಳು ಅಗಿಯಲೇ ಇಲ್ಲ, ಗುಳುಂ. ಅರ್ಧ ಗಂಟೆ ಕೆಮ್ಮಿದಳು. ಕೊನೆಗೆ ಬಾಲ್ಕನಿ ಟೈಲ್ಸ್ ಮೇಲೆ ಇಡೀ ಕತ್ತು ವಾಪಸ್ ಬಂತು, ಒಂದು ಹಲ್ಲಿನ ಗುರುತೂ ಇರಲಿಲ್ಲ! ಈಗ ಅಂಗಡಿಯವನಿಗೆ ಕತ್ತರಿಸಬೇಡ ಅಂತ ಹೇಳಿ ತೊಡೆ ಸಮೇತ ಲೆಗ್ ಪೀಸ್ ತರುತ್ತೇನೆ. ಬಾಯಿಗಿಂತ ದೊಡ್ಡದಿದ್ದರೆ ಕಚ್ಚಿ ಕಚ್ಚಿಯೇ ತಿನ್ನಬೇಕು. ಮುಗಿಯುವ ತನಕ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತೇನೆ.

ಮಾರನೇ ದಿನ ಕಕ್ಕ ನೋಡಿ. ಸೀಮೆಸುಣ್ಣದ ಹಾಗೆ ಬೆಳ್ಳಗೆ, ಗಟ್ಟಿ ಇದ್ದರೆ ಮೂಳೆ ಜಾಸ್ತಿಯಾಗಿದೆ. ಹಸಿ ಊಟ ಹಾಕುವವರು ಒಟ್ಟು ಊಟದಲ್ಲಿ ಮೂಳೆಯನ್ನು ಶೇ. 10ರ ಸುತ್ತಮುತ್ತ ಇಡುತ್ತಾರೆ. ಹಲ್ಲು ಸ್ವಲ್ಪ ಬೆಳ್ಳಗಾಯಿತು, ನಿಜ. ಆದರೆ ವಸಡಿನ ಒಳಗೆ ಕೂತ ಪಾಚಿಗೆ ಡಾಕ್ಟರ ಹತ್ತಿರ ಸ್ಕೇಲಿಂಗೇ, ಅಂದ್ರೆ ಹಲ್ಲು ಕೆರೆದು ಕ್ಲೀನ್ ಮಾಡಿಸುವುದೇ, ಆಗಬೇಕು.

ಪುಣೆಯಿಂದ:
ನಾನು ಹಸಿ ಮೂಳೆ ಕೊಟ್ಟು, ಆಮೇಲೆ ನಿಲ್ಲಿಸಿದವನು. ಮನೆಯಲ್ಲಿ ತೆವಳುವ ಮಗು ಇದೆ, ನಾಯಿ ಅದರ ಮುಖ ನೆಕ್ಕುತ್ತದೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಫ್ರೀಜರ್‌ನಲ್ಲಿಟ್ಟರೆ ಸಾಯುತ್ತದೆ ಅನ್ನುವುದು ತಪ್ಪು, ಸುಮ್ನೆ ಮಲಗಿರುತ್ತದೆ ಅಷ್ಟೆ. ಇನ್ನೊಂದು ವಿಷಯ. ಹಸಿ ಕೋಳಿ, ಅದರಲ್ಲೂ ಕತ್ತು ತಿನ್ನುವ ನಾಯಿಗಳಲ್ಲಿ ಹಿಂಗಾಲಿನಿಂದ ಶುರುವಾಗುವ ಒಂದು ಬಗೆಯ ಪಾರ್ಶ್ವವಾಯು ಜಾಸ್ತಿ ಅಂತ ಮೆಲ್ಬರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಹೇಳಿದ್ದಾರೆ. ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಕಾರಣ ಇರಬಹುದಂತೆ. ಅದನ್ನು ಓದಿದ ದಿನವೇ ನಿಲ್ಲಿಸಿದೆ.

ಮುಲುಂಡ್‌ನಿಂದ:
ನಾಯಿ ವಿಷಯ ನಿಮ್ಮಿಷ್ಟ. ಬೆಕ್ಕಿಗೆ ಹಸಿ ಕೋಳಿ ದಯವಿಟ್ಟು ಬೇಡ. 2024ರ ಕೊನೆಯಲ್ಲಿ ನಾಗಪುರದ ಗೋರೆವಾಡಾ ಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಹಕ್ಕಿಜ್ವರಕ್ಕೆ ಸತ್ತವಲ್ವಾ? ಬೆಕ್ಕೂ ಅದೇ ಕುಟುಂಬದ್ದು. ನಾನು ಕೋಳಿ ಹೃದಯ ಬೇಯಿಸಿ, ಆ ನೀರನ್ನೂ ಸೇರಿಸಿ ಹಾಕುತ್ತೇನೆ. ಬೆಕ್ಕಿಗೆ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ನೀರಿಗೆ ಇಳಿದಿರುತ್ತದೆ, ಚೆಲ್ಲಬೇಡಿ.

ಮತ್ತೆ ಡೊಂಬಿವಲಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಸ್ಕೇಲಿಂಗ್ ಮಾಡಿಸುತ್ತೇನೆ. ಬೆಕ್ಕಿಗೆ ಬೇಯಿಸಿದ್ದೇ. ಎಲ್ಲ ಉತ್ತರಗಳನ್ನೂ ಅಮ್ಮನಿಗೆ ಓದಿ ಹೇಳಿದೆ. "ಲೆಗ್ ಪೀಸ್ ನಾಯಿಗಾ? ಹಾಗಾದ್ರೆ ನಮಗೆ ಕತ್ತಾ?" ಅಂದರು.