ಒಂದು–ವನ್, ಎಂಟು–ಎಯ್ಟ್: ನಂಟೋ, ಬರೀ ಹೋಲಿಕೆಯೋ?

ಪದಗಂಟು:
ಹೋಲುವ ಪದಗಳ ಪಟ್ಟಿ ಮಾಡುತ್ತಿದ್ದೇನೆ. ಒಂದು–ವನ್, ಎಂಟು–ಎಯ್ಟ್, ಹಾಲು–ಪಾಲ್ (ತಮಿಳು), ಹಕ್ಕಿ–ಪಕ್ಷಿ, ಶಿಕ್ಷೆ–ಶಿಕ್ಷಾ (ಹಿಂದಿ). ಯಾವುದು ಒಂದೇ ಬೇರಿನದು, ಯಾವುದು ಎರವಲು, ಯಾವುದು ಕಾಕತಾಳೀಯ ಅಂತ ಗೊತ್ತುಮಾಡುವುದು ಹೇಗೆ?

ಹಳೆಗನ್ನಡಿ:
ಮೊದಲೆರಡನ್ನು ಪಟ್ಟಿಯಿಂದ ತೆಗೆದುಬಿಡಿ. ಇವತ್ತಿನ ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಬಾರದು. ಎರಡೂ ಕಡೆಯ ಹಳೆಯ ರೂಪಕ್ಕೆ ಹೋಗಬೇಕು. 'ಎಯ್ಟ್'ನ ನಂಟರು ಜರ್ಮನ್ನಿನ 'ಅಖ್ಟ್', ಲ್ಯಾಟಿನ್ನಿನ 'ಒಕ್ಟೊ', ಸಂಸ್ಕೃತದ 'ಅಷ್ಟ'. ಇಂಗ್ಲಿಷ್ ಕಾಗುಣಿತದ ನಡುವೆ ಈಗ ಸುಮ್ಮನೆ ಕೂತಿರುವ ಎರಡು ಅಕ್ಷರಗಳು ಹಿಂದೆ 'ಖ್' ಥರ ಉಚ್ಚಾರವಾಗುತ್ತಿದ್ದವು. ನಮ್ಮ 'ಎಂಟು'ವಿನಲ್ಲಿ ಬೇರು 'ಎಣ್'. ಹಳೆಗನ್ನಡದ 'ಎಣ್ಬರ್' (ಎಂಟು ಜನ), 'ಎಂಬತ್ತು', ತಮಿಳಿನ 'ಎಣ್‌ಬದು' ನೋಡಿ, 'ಟು' ಎಲ್ಲೂ ಇಲ್ಲ. ಅಂದರೆ ನಿಮ್ಮ ಕಿವಿಗೆ ಹೊಂದಿದ್ದು ಬಾಲ ಮಾತ್ರ.

'ವನ್' ಕೂಡ ಹಾಗೇ. ಮೊದಲ 'ವ' ಆಮೇಲೆ ಸೇರಿಕೊಂಡದ್ದು, ಹಳೆಯ ಇಂಗ್ಲಿಷಿನಲ್ಲಿ ಅದು 'ಆನ್'. 'ಅಲೋನ್', 'ಓನ್ಲಿ' ಪದಗಳಲ್ಲಿ ಆ 'ವ' ಇವತ್ತಿಗೂ ಇಲ್ಲ.

ಬೇರುಬಿಳಲು:
ಹಾಲು–ಪಾಲ್ ನಿಜವಾದ ನಂಟು. ಅವು ಹೋಲುತ್ತವೆ ಅಂತಲ್ಲ, ಒಂದೇ ಕ್ರಮದಲ್ಲಿ ಬೇರೆಯಾಗಿವೆ ಅಂತ. ಹಳಗನ್ನಡದ ಪದಾದಿಯ 'ಪ' ನಡುಗನ್ನಡದ ಹೊತ್ತಿಗೆ 'ಹ' ಆಯಿತು. 10ನೇ ಶತಮಾನದ ಪಂಪನಲ್ಲಿ ಪಾಲ್, ಪುಲಿ, ಪೋಗು ಸಿಗುತ್ತವೆ. ತಮಿಳು, ತೆಲುಗು, ತುಳುವಿನಲ್ಲಿ 'ಪ' ಉಳಿದಿದೆ: ಹುಲಿಗೆ ತುಳುವಿನಲ್ಲಿ 'ಪಿಲಿ', ಹತ್ತಕ್ಕೆ ತಮಿಳಿನಲ್ಲಿ 'ಪತ್ತು', ಹಂದಿಗೆ ತೆಲುಗಿನಲ್ಲಿ 'ಪಂದಿ'. ಒಂದು ಜೋಡಿ ಸಿಕ್ಕರೆ ಸಾಲದು, ಅದೇ ಬದಲಾವಣೆ ತೋರಿಸುವ ಐದಾರಾದರೂ ಬೇಕು.

ಒತ್ತಕ್ಷರದಲ್ಲಿ, ಅನುಸ್ವಾರದ ನಂತರ 'ಪ' ಬದಲಾಗಿಲ್ಲ. ಅದಕ್ಕೇ ಉಪ್ಪು, ಅಪ್ಪ, ಕೆಂಪು ಹಾಗೇ ಇವೆ.

'ಹಕ್ಕಿ' ಮಜವಾದ ಪದ. ಅದು 'ಪಕ್ಷಿ'ಯ ತದ್ಭವ. ಪ್ರಾಕೃತದ 'ಪಕ್ಖಿ' ದಾರಿಯಲ್ಲಿ ಬಂದು, ಕನ್ನಡದ್ದೇ ಪದದಂತೆ 'ಹ'ಕಾರಕ್ಕೆ ಸಿಕ್ಕಿತು. ಅಂದರೆ ಬದಲಾವಣೆ ನಡೆಯುವ ಮೊದಲೇ ಎರವಲಾಗಿ ಬಂದಿತ್ತು. ಪರ್ವ–ಹಬ್ಬ, ಪಣ–ಹಣ ಕೂಡ ಹೀಗೆಯೇ. ಗ್ರಂಥಗಳಿಂದ ನೇರವಾಗಿ ತಂದುಕೊಂಡ 'ಪಕ್ಷಿ', 'ಪರ್ವ' ಮಾತ್ರ 'ಪ' ಉಳಿಸಿಕೊಂಡಿವೆ.

ಪದಗಂಟು:
ಹಾಗಾದರೆ 'ಹಕ್ಕು' ಹಿಂದೆ 'ಪಕ್ಕು' ಆಗಿತ್ತೇ?

ಬೇರುಬಿಳಲು:
ಇಲ್ಲ, ಎಲ್ಲರೂ ಜಾರುವುದು ಇಲ್ಲೇ. 'ಹಕ್ಕು' ಅರಬ್ಬಿಯ 'ಹಕ್', ಅದರ 'ಹ' ಮೂಲದ್ದೇ. ಹಾಜರು, ಹುಕುಂ, ಹವಾ ಇದೇ ಗುಂಪು. ನಿಯಮವನ್ನು ಹಿಮ್ಮುಖವಾಗಿ ಓಡಿಸುವ ಮೊದಲು ಹಳಗನ್ನಡದಲ್ಲಿ 'ಪ' ರೂಪ ಇದೆಯೇ ನೋಡಿ. 1894ರ ಕಿಟೆಲ್ ನಿಘಂಟು ತದ್ಭವಗಳನ್ನೂ ತಮಿಳು–ತೆಲುಗು–ತುಳು ರೂಪಗಳನ್ನೂ ಪದದ ಜತೆಗೇ ಕೊಡುತ್ತದೆ, ಶುರುಮಾಡಲು ಅಷ್ಟು ಸಾಕು.

ಅನುವಾದಿ:
'ಶಿಕ್ಷೆ' ಬೇರೆ ಬಗೆಯದು: ಪದ ಒಂದೇ, ಅರ್ಥ ಕವಲೊಡೆದಿದೆ. ಸಂಸ್ಕೃತದಲ್ಲಿ ಕಲಿಕೆ, ತರಬೇತಿ. ಹಿಂದಿ ಅದನ್ನೇ ಇಟ್ಟುಕೊಂಡಿತು. ಕನ್ನಡ, ತೆಲುಗು, ಮರಾಠಿಗಳಲ್ಲಿ ದಂಡನೆಯಾಯಿತು. ಇಂಥವುಗಳಲ್ಲಿ ಬೇರು ಹುಡುಕಿ ಪ್ರಯೋಜನವಿಲ್ಲ, ಆಯಾ ಭಾಷೆಯ ಬಳಕೆ ನೋಡಬೇಕು. ಕನ್ನಡದ 'ಉಪನ್ಯಾಸ' ಭಾಷಣ, ಹಿಂದಿ–ಬಂಗಾಳಿಯದು ಕಾದಂಬರಿ. ಮಲಯಾಳಂನ 'ಸಂಸಾರಂ' ಅಂದರೆ ಮಾತುಕತೆ.

ತೀರಾ ಅಪಾಯಕಾರಿ 'ಸಂಶೋಧನ್'. ಹಿಂದಿಯ 'ಸಂವಿಧಾನ್ ಸಂಶೋಧನ್' ಸಂವಿಧಾನ ತಿದ್ದುಪಡಿ. ಅದನ್ನು ಹಾಗೇ 'ಸಂವಿಧಾನ ಸಂಶೋಧನೆ' ಅಂತ ಇಳಿಸಿದರೆ ಓದುಗರು ಯಾರದೋ ಪಿಎಚ್.ಡಿ. ವಿಷಯ ಅಂದುಕೊಳ್ಳುತ್ತಾರೆ.