ಬಿ.ಎ. ಪಠ್ಯಪುಸ್ತಕವನ್ನು ಧ್ವನಿಯಲ್ಲಿ ಕೊಡಲು ಎಂಪಿ3 ಸಾಕೇ, ಡೈಸಿ ಬೇಕೇ?

ಕಡೂರು_ಓದುಗ:
ಚಿಕ್ಕಮಗಳೂರಿನಲ್ಲಿ ನಾವು ಕೆಲವರು ಸೇರಿ ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಇತಿಹಾಸದ ಪಠ್ಯವೊಂದನ್ನು ಓದಿ ರೆಕಾರ್ಡ್ ಮಾಡಬೇಕೆಂದಿದ್ದೇವೆ. ಸುಮಾರು 240 ಪುಟ. ಅಧ್ಯಾಯಕ್ಕೊಂದು ಎಂಪಿ3 ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಆಗುತ್ತಾ? ಅನುಮತಿ ಬೇಕಾ?

ಪುಟಗುರುತು:
ಪಠ್ಯಕ್ಕೆ ಎಂಪಿ3 ಸಾಲದು. ಮೇಷ್ಟ್ರು "83ನೇ ಪುಟ ತೆಗೀರಿ" ಅಂದರೆ ಮುಕ್ಕಾಲು ಗಂಟೆಯ ಫೈಲಿನಲ್ಲಿ ಅದನ್ನು ಹುಡುಕುವುದು ಹೇಗೆ? ಡೈಸಿ ಎಂದರೆ ಪುಟ, ಶೀರ್ಷಿಕೆಗಳ ಗುರುತಿರುವ ಧ್ವನಿಪುಸ್ತಕದ ಮಾದರಿ; ಅದರಲ್ಲಿ ನೇರ ಆ ಪುಟಕ್ಕೇ ಹೋಗಬಹುದು.

ಡೈಸಿ ಪುಸ್ತಕ ತಯಾರಿಸಲು ಒಬಿ ಎಂಬ ಉಚಿತ ತಂತ್ರಾಂಶ ಇದೆ, ವಿಂಡೋಸ್‌ನಲ್ಲಿ ನಡೆಯುತ್ತೆ. ಓದುವ ಮೊದಲೇ ಪರಿವಿಡಿ ನೋಡಿ ಶೀರ್ಷಿಕೆಗಳನ್ನು ಹಾಕಿಕೊಳ್ಳಿ: ಅಧ್ಯಾಯ ಹಂತ 1, ಉಪಶೀರ್ಷಿಕೆ ಹಂತ 2. ಮುದ್ರಿತ ಪುಟ ಎಲ್ಲಿ ತಿರುಗುತ್ತೋ ಅಲ್ಲೇ ಪುಟದ ಗುರುತು. ವಾಕ್ಯದ ನಡುವೆ ತಿರುಗಿದರೆ ವಾಕ್ಯ ಮುಗಿಸಿ ಸಂಖ್ಯೆ ಹೇಳಿ. ಮುನ್ನುಡಿಯ ರೋಮನ್ ಅಂಕಿಯ ಪುಟಗಳಿಗೆ ಬೇರೆ ಬಗೆಯ ಗುರುತಿದೆ, ಅದನ್ನೇ ಬಳಸಿ. ಇಲ್ಲದಿದ್ದರೆ ಪುಸ್ತಕಕ್ಕೂ ಧ್ವನಿಗೂ ಸಂಖ್ಯೆ ತಾಳೆಯಾಗಲ್ಲ.

44.1 ಕಿಲೋಹರ್ಟ್ಸ್ ಮೊನೊದಲ್ಲಿ ರೆಕಾರ್ಡ್ ಮಾಡಿ, ಡೈಸಿ 2.02 ಆವೃತ್ತಿಗೆ 64 ಕೆಬಿಪಿಎಸ್ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿ. ಗಂಟೆಗೆ ಸುಮಾರು 29 ಎಂಬಿ ಆಗುತ್ತೆ. ಇಡೀ ಫೋಲ್ಡರನ್ನು ಜಿಪ್ ಮಾಡಿಯೇ ಕಳಿಸಿ. ಒಳಗಿನ ಒಂದು ಫೈಲಿನ ಹೆಸರು ಬದಲಾದರೂ ಧ್ವನಿಯನ್ನು ಪುಟ, ಶೀರ್ಷಿಕೆಗಳಿಗೆ ಜೋಡಿಸುವ ಸ್ಮಿಲ್ ಫೈಲುಗಳ ಕೊಂಡಿ ತಪ್ಪಿ ಪುಸ್ತಕ ಅರ್ಧಕ್ಕೇ ನಿಲ್ಲುತ್ತೆ.

ಸಕಲೇಶಪುರ_ಧ್ವನಿ:
ಜೋರು ಮಳೆ ಹೊಡೆಯುವಾಗ ಹೆಂಚಿನ ಮನೆಯಲ್ಲಿ ರೆಕಾರ್ಡಿಂಗ್ ಬೇಡ. ಒಬಿ ಮೌನ ಕಂಡಲ್ಲಿ ಧ್ವನಿಯನ್ನು ತುಂಡರಿಸುತ್ತೆ. ಮಳೆಯ ಸದ್ದು ಆ ಮೌನವನ್ನೇ ನುಂಗಿದರೆ ಇಡೀ ಪುಟ ಒಂದೇ ತುಂಡಾಗಿ, ವಾಕ್ಯದಿಂದ ವಾಕ್ಯಕ್ಕೆ ಜಿಗಿಯಲು ಆಗಲ್ಲ. ಪ್ರತಿ ಸಲ ಶುರುವಿನಲ್ಲಿ ಕೆಲವು ಸೆಕೆಂಡು ಸುಮ್ಮನೆ ರೆಕಾರ್ಡ್ ಮಾಡಿ ಅದನ್ನು ಮೌನದ ಮಾದರಿ ಎಂದು ಗುರುತಿಸಿ. ಸಂಜೆ ಜೀರುಂಡೆ ಕೂಗುವ ಹೊತ್ತೂ ಇಷ್ಟೇ ತೊಂದರೆ.

ಕಾಯ್ದೆ_ಕನ್ನಡ:
ಅನುಮತಿ ಬೇಕಿಲ್ಲ. 2012ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಕಾಯ್ದೆಗೆ ಬಂದ 52(1)(ಝಡ್‌ಬಿ) ವಿನಾಯಿತಿ ಕೊಡುತ್ತೆ: ಲಾಭಕ್ಕಲ್ಲ, ಅಂಗವಿಕಲ ಓದುಗರಿಗೆ ಮಾತ್ರ. ಹಾಗಾಗಿ ಯೂಟ್ಯೂಬ್‌ಗೆ ಹಾಕಬೇಡಿ. ಶುರು ಮಾಡುವ ಮೊದಲು ಇಂಥ ಓದುಗರಿಗಾಗಿಯೇ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲಿ ಈ ಪುಸ್ತಕ ಆಗಲೇ ಇದೆಯೇ ನೋಡಿಬಿಡಿ.

ಕಡೂರು_ಓದುಗ:
ಪ್ರಕಾಶಕರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿರುವ ಫೈಲೇ ಕೊಡ್ತೀವಿ ಅಂತಿದ್ದಾರೆ. ಅದನ್ನು ಮೊಬೈಲೇ ಓದುತ್ತಾ?

ಪುಟಗುರುತು:
ಖಂಡಿತ ಇಸ್ಕೊಳ್ಳಿ. ಪಠ್ಯ ಸಿಕ್ಕರೆ ಕಾಗುಣಿತ ನೋಡಬಹುದು, ಪದ ಹುಡುಕಬಹುದು, ಬ್ರೈಲ್‌ಗೂ ಒದಗುತ್ತೆ. ಆದರೆ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಕಣ್ಣಿಗಷ್ಟೇ ಕನ್ನಡ, ಮೊಬೈಲಿನ ಪರದೆ ಓದುವ ಟಾಕ್‌ಬ್ಯಾಕ್ ಅಸಂಬದ್ಧವಾಗಿ ಏನೋ ಓದುತ್ತೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ ಸರಿ ಬಂದಿವೆಯೇ ಪರೀಕ್ಷಿಸಿ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿದ್ದರೆ "ಸಂಘ" ಎಂಬುದು "ಸ, ಸೊನ್ನೆ, ಘ" ಆಗಿಬಿಡುತ್ತೆ. ಅಕ್ಷರದ ಬೆನ್ನಿಗೇ ಬರುವ ಸೊನ್ನೆಗಳನ್ನು ಮಾತ್ರ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕನ್ನಡ ಅಂಕಿಯಲ್ಲಿರುವ ಇಸವಿಗಳು ಕೆಡುತ್ತವೆ.